ಬನ್ಸ್ ಮಾಡಿ ಪಳಗಿದ ಕೈಗೆ ಬನಾನಾ ಬ್ರೆಡ್

ಪ್ರಶ್ನೆ: ನಾನು ಕುಂದಾಪುರದವಳು. ಮಗಳನ್ನು ನೋಡಲು ಬೆಂಗಳೂರಿಗೆ ಹೋದಾಗ ಅವಳು ಒಂದು ಕಾಫಿ ಅಂಗಡಿಗೆ ಕರೆದುಕೊಂಡು ಹೋಗಿ ಬನಾನಾ ಬ್ರೆಡ್ ತಿನ್ನಿಸಿದಳು. ದಪ್ಪ ಹೋಳು, ಒಳಗೆಲ್ಲ ಕಂದು ಬಣ್ಣ, ಮೇಲೆ ಬಿರುಕು, ಬೆರಳಿಗೆ ತಗಲುವಷ್ಟು ತೇವ, ಆದರೂ ಮುದ್ದೆಯಾಗಿರಲಿಲ್ಲ. ಊರಿಗೆ ಬಂದ ಮೇಲೆ ಮೂರು ಸಲ ಮಾಡಿ ನೋಡಿದೆ. ನಾಲ್ಕು ಏಲಕ್ಕಿ ಬಾಳೆಹಣ್ಣು, ಒಂದೂವರೆ ಕಪ್ ಮೈದಾ, ಮುಕ್ಕಾಲು ಕಪ್ ಸಕ್ಕರೆ, ಎರಡು ಮೊಟ್ಟೆ, ಅರ್ಧ ಕಪ್ ಬೆಣ್ಣೆ, ಒಂದು ಚಮಚ ಅಡುಗೆ ಸೋಡಾ. ಹಿಟ್ಟು ಗಟ್ಟಿ ಅನಿಸಿದ್ದರಿಂದ ಅರ್ಧ ಕಪ್ ಹಾಲು ಸೇರಿಸಿ ಮಿಕ್ಸಿಯಲ್ಲಿ ನುಣ್ಣಗೆ ತಿರುವಿದೆ. ಬ್ರೆಡ್ ಟಿನ್‌ಗೆ ಸುರಿದು ಒಟಿಜಿ ಎನ್ನುವ ಸಣ್ಣ ವಿದ್ಯುತ್ ಓವನ್ನಿನಲ್ಲಿ 180 ಡಿಗ್ರಿಯಲ್ಲಿ 40 ನಿಮಿಷ ಬೇಯಿಸಿದೆ. ಮೇಲೆ ಕರಕಲು, ಒಳಗೆ ಬಿಳಿಚಿದ ಬಣ್ಣ, ತಳದಲ್ಲಿ ಅಂಟು ಗೆರೆ, ಬಾಯಲ್ಲಿ ಸಾಬೂನಿನಂಥ ಒಗರು. ಬಾಳೆಹಣ್ಣು, ಮೈದಾ ನಾದಿ ಎಣ್ಣೆಯಲ್ಲಿ ಕರಿಯುವ ನಮ್ಮ ಕಡೆಯ ಬನ್ಸ್ ಮಾಡುವುದರಲ್ಲಿ ನನ್ನ ಕೈ ಎಂದೂ ಕೆಟ್ಟಿಲ್ಲ. ಇದೇಕೆ ಹೀಗೆ? ಅತ್ತೆ ಮೊಟ್ಟೆ ತಿನ್ನುವುದಿಲ್ಲ, ಅವರಿಗೂ ಆಗುವಂತೆ ಮಾಡಬಹುದೇ?

ಉತ್ತರ: ನಿಮ್ಮ ಬನ್ಸ್ ಚೆನ್ನಾಗಿ ಬರುತ್ತದೆ ಎಂಬುದೇ ಇಲ್ಲಿ ತೊಡಕಾಗಿದೆ. ಬನ್ಸ್‌ನ ಹಿಟ್ಟನ್ನು ಮನಸಾರೆ ನಾದಿ, ಎಣ್ಣೆ ಸವರಿ, ರಾತ್ರಿಯಿಡೀ ಮುಚ್ಚಿಡುತ್ತೀರಿ. ಅಷ್ಟು ಹೊತ್ತಿಗೆ ಮೈದಾದಲ್ಲಿ ಗ್ಲುಟೆನ್ ಎಂಬ ಜಾಲ ಬಲಿತಿರುತ್ತದೆ. ಕಾದ ಎಣ್ಣೆಗೆ ಬಿದ್ದಾಗ ಏಳುವ ಆವಿಯನ್ನು ಆ ಜಾಲ ಹಿಡಿದಿಡುವುದರಿಂದಲೇ ಬನ್ಸ್ ಚೆಂಡಿನಂತೆ ಉಬ್ಬುವುದು. ಬನಾನಾ ಬ್ರೆಡ್‌ಗೆ ಅದೇ ಜಾಲ ವೈರಿ. ಹೆಸರಿನಲ್ಲಿ ಬ್ರೆಡ್ ಇದೆಯಷ್ಟೇ. ಯೀಸ್ಟ್ ಹಾಕುವುದಿಲ್ಲ, ನಾದುವುದಿಲ್ಲ, ಹುದುಗು ಬರಿಸುವುದೂ ಇಲ್ಲ. ಬ್ರೆಡ್ಡಿನ ಟಿನ್‌ನಲ್ಲಿ ಬೆಂದ ಕೇಕ್ ಅದು. 1930ರ ದಶಕದ ಅಮೆರಿಕದಲ್ಲಿ, ಆರ್ಥಿಕ ಕುಸಿತದಿಂದ ಎಲ್ಲರ ಕೈ ಬಿಗಿಯಾಗಿದ್ದ ಕಾಲದಲ್ಲಿ, ಕಪ್ಪಾದ ಬಾಳೆಹಣ್ಣನ್ನು ಎಸೆಯಲು ಮನಸ್ಸು ಬಾರದ ಮನೆಗಳಲ್ಲಿ ಇದು ಬಳಕೆಗೆ ಬಂತು. ಸೋಡಾ, ಬೇಕಿಂಗ್ ಪೌಡರ್ ಎರಡೂ ಆಗ ಅಲ್ಲಿ ಎಲ್ಲ ಅಂಗಡಿಗಳಲ್ಲಿ ಸಿಗುತ್ತಿದ್ದವು. ನಮ್ಮ ಬನ್ಸ್, ಬಾಳೆಹಣ್ಣಿನ ಮುಳ್ಕ ಎಲ್ಲ ಅದೇ ಜಾಣತನದ ಸೋದರರು ಎಂದು ನನಗೆ ಅನಿಸುತ್ತದೆ. ಆದರೆ ಸೋದರರ ಸ್ವಭಾವ ಒಂದೇ ಆಗಿರಬೇಕೆಂದಿಲ್ಲವಲ್ಲ.

ಬೆಂಗಳೂರಿನ ಎರಡು ಕಾಫಿ ಅಂಗಡಿಗಳಿಗೆ ಆರು ವರ್ಷ ಈ ಬ್ರೆಡ್ ಬೇಯಿಸಿಕೊಟ್ಟವಳು ನಾನು. ಅಲ್ಲಿಯ ಗುಟ್ಟು ಏನು ಎಂದು ಕೇಳಿದವರಿಗೆಲ್ಲ ತಕ್ಕಡಿ ತೋರಿಸುತ್ತೇನೆ. ಅಲ್ಲಿ ಯಾರೂ ಬಾಳೆಹಣ್ಣನ್ನು ಎಣಿಸುವುದಿಲ್ಲ, ತೂಗುತ್ತಾರೆ. ‘ಮೂರು ಬಾಳೆಹಣ್ಣು’ ಎಂದು ಬರೆದಿರುವ ಪಾಕವಿಧಾನಗಳ ಮೂಲ ಅಮೆರಿಕದ್ದು; ಅವರ ಬಾಳೆಹಣ್ಣು ಕ್ಯಾವೆಂಡಿಷ್, ಅಂದರೆ ನಮ್ಮ ಪಚ್ಚಬಾಳೆ. ಸಾಧಾರಣ ಗಾತ್ರದ ಒಂದು ಪಚ್ಚಬಾಳೆಯ ಸಿಪ್ಪೆ ಸುಲಿದರೆ 115ರಿಂದ 120 ಗ್ರಾಂ ತಿರುಳು ಸಿಗುತ್ತದೆ, ಮೂರಕ್ಕೆ ಸುಮಾರು 350 ಗ್ರಾಂ. ಏಲಕ್ಕಿ ಬಾಳೆಯ ತಿರುಳು ಒಂದಕ್ಕೆ 45-50 ಗ್ರಾಂ ತೂಗಿದರೆ ಹೆಚ್ಚು. ಮೂರರ ಬದಲು ನಾಲ್ಕು ಹಾಕಿದೆ ಎಂದು ನೀವು ಸಮಾಧಾನ ಮಾಡಿಕೊಂಡಿರಿ. ನಿಜವಾಗಿ ಬೇಕಾಗಿದ್ದುದು ಏಳೆಂಟು.

ನಿಮ್ಮ ದೂರುಗಳಲ್ಲಿ ಅರ್ಧದಷ್ಟು ಇದೊಂದರಿಂದಲೇ ಹುಟ್ಟಿವೆ. ಹಣ್ಣು ಕಡಿಮೆಯಾಗಿ ಹಿಟ್ಟು ಗಟ್ಟಿಯಾಯಿತು, ಗಟ್ಟಿಯಾಯಿತೆಂದು ಹಾಲು ಸುರಿದಿರಿ. ಬಾಳೆಹಣ್ಣಿನ ಮುಕ್ಕಾಲು ಪಾಲು ನೀರೇ, ನಿಜ. ಆದರೆ ಉಳಿದ ಕಾಲು ಪಾಲಿನಲ್ಲಿ ಸಕ್ಕರೆ, ಪರಿಮಳ, ಅಲ್ಪಸ್ವಲ್ಪ ಹುಳಿ ಇರುತ್ತವೆ. ಹಾಲಿನಿಂದ ನೀರು ಬಂತು, ಅವು ಮೂರೂ ಬರಲಿಲ್ಲ. ಹುಳಿ ಇಲ್ಲದಿದ್ದರೆ ಸೋಡಾಕ್ಕೆ ಜೊತೆಗಾರನಿಲ್ಲ. ಜೊತೆಯಿಲ್ಲದೆ ಉಳಿದ ಅಡುಗೆ ಸೋಡಾ ಓವನ್ನಿನ ಕಾವಿಗೆ ಸೋಡಿಯಂ ಕಾರ್ಬೊನೇಟ್ ಆಗಿ ಮಾರ್ಪಡುತ್ತದೆ. ಬಟ್ಟೆ ಒಗೆಯುವ ಸೋಡಾ ಎಂದರೆ ಅದೇ. ಸಾಬೂನಿನ ರುಚಿ ಎಂದಿರಲ್ಲ, ನಿಮ್ಮ ನಾಲಿಗೆ ಸುಳ್ಳು ಹೇಳಿಲ್ಲ. ಕ್ಷಾರ ಹೆಚ್ಚಿದ ಹಿಟ್ಟು ಬೇಗ ಕೆಂಪಾಗುವುದರಿಂದ ಒಳಗೆ ಬೇಯುವ ಮೊದಲೇ ಮೇಲ್ಭಾಗ ಕಪ್ಪಿಟ್ಟಿತು. ಇದಕ್ಕೆ ಮೇಲೋಗರವಾಗಿ ಮನೆಯ ಚಮಚ: ಉಪ್ಪಿಟ್ಟು ತಿನ್ನುವ ಚಮಚದಲ್ಲಿ ಗೋಪುರ ಕಟ್ಟಿ ಸೋಡಾ ಹಾಕಿದರೆ ಬೇಕಾದುದರ ಎರಡು ಪಟ್ಟು ಬೀಳುವುದು ಕಷ್ಟವೇನಲ್ಲ. ಅಳತೆಯ ಸಣ್ಣ ಚಮಚ 5 ಮಿಲಿಲೀಟರಿನದು. ಅದನ್ನು ತುಂಬಿ ಮೇಲೆ ಚಾಕುವಿನ ಬೆನ್ನಿನಿಂದ ಸಮ ಮಾಡಬೇಕು.

ಹಣ್ಣಿನ ವಿಷಯದಲ್ಲಿ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ರುಚಿಯೆಲ್ಲ ಅಲ್ಲಿಂದಲೇ ಬರುವುದು. ಬಾಳೆಕಾಯಿಯಲ್ಲಿ ಪಿಷ್ಟವೇ ಹೆಚ್ಚು. ಹಣ್ಣಾಗುತ್ತ ಹೋದಂತೆ ಅದು ಸಕ್ಕರೆಯಾಗುತ್ತದೆ, ಪೂರ್ತಿ ಮಾಗಿದಾಗ ಪಿಷ್ಟ ನೂರಕ್ಕೆ ಒಂದೆರಡು ಪಾಲು ಉಳಿದರೆ ಉಂಟು. ಹಳದಿ ಹಣ್ಣು ತಿನ್ನಲು ಸರಿ, ಬ್ರೆಡ್‌ಗೆ ಸಾಲದು. ಪಚ್ಚಬಾಳೆಯಾದರೆ ಸಿಪ್ಪೆಯ ಅರ್ಧಕ್ಕಿಂತ ಹೆಚ್ಚು ಭಾಗ ಕಪ್ಪಾಗಿರಲಿ. ಏಲಕ್ಕಿ ಬಾಳೆಯ ಸಿಪ್ಪೆ ಕಾಗದದಷ್ಟು ತೆಳು, ಎರಡು ದಿನಕ್ಕೇ ಕಪ್ಪಾಗಿ ಮೋಸ ಮಾಡುತ್ತದೆ. ಬಣ್ಣ ನೋಡಬೇಡಿ, ಒತ್ತಿ ನೋಡಿ. ಹೆಬ್ಬೆರಳು ಒಳಗೆ ಇಳಿಯುವಷ್ಟು ಮೆತ್ತಗಾಗಿ, ಚಿಪ್ಪಿನಿಂದ ತಾನಾಗಿ ಉದುರುವಂತಿದ್ದರೆ ಆಯಿತು. ಬೇಗ ಹಣ್ಣಾಗಬೇಕೆಂದರೆ ನಮ್ಮ ಅಜ್ಜಿಯಂದಿರ ಅಕ್ಕಿ ಡಬ್ಬ ಇದ್ದೇ ಇದೆ. ಹಣ್ಣೇ ಬಿಡುವ ಎಥಿಲೀನ್ ಅನಿಲ ಹೊರಗೆ ಹೋಗದೆ ಅಲ್ಲಿಯೇ ನಿಲ್ಲುವುದರಿಂದ ಆ ಉಪಾಯ ಫಲಿಸುತ್ತದೆ. ಹಸಿರು ಹಣ್ಣನ್ನು ಓವನ್ನಿನಲ್ಲಿ ಬಿಸಿ ಮಾಡಿ ಸಿಪ್ಪೆ ಕಪ್ಪಾಗಿಸುವ ಉಪಾಯವೊಂದು ವಿಡಿಯೊಗಳಲ್ಲಿ ಓಡಾಡುತ್ತಿದೆ. ಹಣ್ಣು ಮೆತ್ತಗಾಗುತ್ತದೆಯೇ ಹೊರತು ಮಾಗುವುದಿಲ್ಲ. ಹೊರಗೆ ಮಿಂಚುವ ಹಳದಿ, ಒಳಗೆ ಮರದ ತುಂಡು ಎಂಬಂಥ ಹಣ್ಣು ಸಿಕ್ಕರೆ ಕಾರ್ಬೈಡ್‌ನ ಅನುಮಾನ ಪಡಿ. ಅದಕ್ಕೆ ನಿಷೇಧವಿದ್ದರೂ ಮಾರುಕಟ್ಟೆಯಿಂದ ಪೂರ್ತಿ ತೊಲಗಿಲ್ಲ. ಹೆಂಡದ ವಾಸನೆ ಬಂದ ಹಣ್ಣು, ತೊಟ್ಟಿನಲ್ಲಿ ಬೂಸ್ಟು ಹಿಡಿದ ಹಣ್ಣು ಗೊಬ್ಬರದ ಗುಂಡಿಗೆ ಹೋಗಲಿ.

ಯಾವ ಜಾತಿಯದು ಒಳ್ಳೆಯದು ಎಂದರೆ, ಕಾಫಿ ಅಂಗಡಿಯ ರುಚಿಯೇ ಬೇಕಿದ್ದರೆ ಪಚ್ಚಬಾಳೆ. ಮಾರುಕಟ್ಟೆಯಲ್ಲಿ ಜಿ-9 ಎಂದು ಬರುವುದೂ ಇದೇ ಬಳಗದ್ದು. ನನ್ನ ಸ್ವಂತ ಇಷ್ಟ ಏಲಕ್ಕಿ ಬಾಳೆ. ಅದರ ಸಣ್ಣ ಹುಳಿ ಸಿಹಿಯನ್ನು ಹದದಲ್ಲಿಡುತ್ತದೆ. ನೇಂದ್ರ ಬೇಡ, ಎಷ್ಟು ಮಾಗಿದರೂ ಅದರ ತಿರುಳು ಹಿಟ್ಟು ಹಿಟ್ಟಾಗಿಯೇ ಇರುತ್ತದೆ. ನಂಜನಗೂಡಿನ ರಸಬಾಳೆ ಕೈಗೆ ಸಿಕ್ಕರೆ ಸುಮ್ಮನೆ ತಿನ್ನಿ; ಅದನ್ನು ಓವನ್ನಿಗೆ ಹಾಕುವುದು ಪಾಪ.

ಈಗ ಅಳತೆ. ಸುಮಾರು 9 ಅಂಗುಲ ಉದ್ದ, 5 ಅಂಗುಲ ಅಗಲದ ಬ್ರೆಡ್ ಟಿನ್‌ಗೆ 350 ಗ್ರಾಂ ಬಾಳೆಹಣ್ಣಿನ ತಿರುಳು, 250 ಗ್ರಾಂ ಮೈದಾ, 150 ಗ್ರಾಂ ಸಕ್ಕರೆ, ಎರಡು ಮೊಟ್ಟೆ, 100 ಮಿಲಿಲೀಟರ್ ಎಣ್ಣೆ, 60 ಗ್ರಾಂ ಗಟ್ಟಿ ಮೊಸರು, ಸಮ ಮಾಡಿದ ಒಂದು ಅಳತೆ ಚಮಚ ಅಡುಗೆ ಸೋಡಾ, ಅರ್ಧ ಚಮಚ ಉಪ್ಪು, ಮುಕ್ಕಾಲು ಚಮಚ ದಾಲ್ಚಿನ್ನಿ ಪುಡಿ, ಒಂದು ಚಮಚ ವೆನಿಲಾ, 60 ಗ್ರಾಂ ಅಕ್ರೋಟು. ನಿಮ್ಮ ಹಾಲಿನ ಜಾಗಕ್ಕೆ ಮೊಸರು ಬಂದುದನ್ನು ಗಮನಿಸಿ. ಹಾಲಿಗೆ ಹುಳಿ ಇಲ್ಲವೆಂದೇ ಹೇಳಬೇಕು, ಮೊಸರಿಗಿದೆ. ಸೋಡಾಕ್ಕೆ ಬೇಕಾದ ಜೊತೆ ಅಲ್ಲಿ ಸಿಗುತ್ತದೆ. ಒಂದು ದಿನ ಹಳೆಯ ಹುಳಿ ಮೊಸರಾದರೆ ಇನ್ನೂ ಒಳ್ಳೆಯದು.

ಬೆಣ್ಣೆಗೆ ಬದಲು ಎಣ್ಣೆ ಏಕೆ ಎಂದು ಕೇಳುತ್ತೀರಿ. ಬೆಣ್ಣೆಗೆ ಪರಿಮಳವಿದೆ, ಆದರೆ ತಣ್ಣಗಾದಾಗ ಅದು ಹೆಪ್ಪುಗಟ್ಟಿ ಬ್ರೆಡ್ಡನ್ನೂ ಬಿಗಿ ಮಾಡುತ್ತದೆ. ಎಣ್ಣೆ ಹೆಪ್ಪುಗಟ್ಟುವುದಿಲ್ಲ, ಹಾಗಾಗಿ ಮೂರನೆಯ ದಿನವೂ ಹೋಳು ಮೆತ್ತಗಿರುತ್ತದೆ. ಕಾಫಿ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂತ ಬ್ರೆಡ್ಡಿಗೆ ಈ ಗುಣ ಬೇಕೇ ಬೇಕು. ಸೂರ್ಯಕಾಂತಿ ಎಣ್ಣೆಯಂಥ ವಾಸನೆಯಿಲ್ಲದ್ದನ್ನು ಆರಿಸಿ. ಗಾಣದ ಕಡಲೆಕಾಯಿ ಎಣ್ಣೆ ಹಾಕಿದರೆ ಬೇರೇನೂ ಮೂಗಿಗೆ ಬಡಿಯುವುದಿಲ್ಲ, ತೆಂಗಿನ ಎಣ್ಣೆ ಹಾಕಿದರೆ ಮನೆಯೆಲ್ಲ ಚಿಪ್ಸ್ ಅಂಗಡಿಯಾಗುತ್ತದೆ. ಬೆಣ್ಣೆಯ ಆಸೆ ಬಿಡಲಾರದಿದ್ದರೆ ಎಣ್ಣೆಯಲ್ಲಿ 30 ಮಿಲಿಲೀಟರ್ ಕಡಿಮೆ ಮಾಡಿ, 30 ಗ್ರಾಂ ಬೆಣ್ಣೆ ಕರಗಿಸಿ ಸೇರಿಸಿ.

ನೀವು ಕಂಡ ಕಂದು ಬಣ್ಣದಲ್ಲಿ ಹಣ್ಣಿನ ಪಾಲು ಒಂದಿಷ್ಟು, ಕಂದು ಸಕ್ಕರೆ ಮತ್ತು ದಾಲ್ಚಿನ್ನಿಯ ಪಾಲು ಬಹಳಷ್ಟು. ಕಂದು ಸಕ್ಕರೆ ಸಿಗದಿದ್ದರೆ ಅರ್ಧ ಸಕ್ಕರೆ, ಅರ್ಧ ಜೋನಿಬೆಲ್ಲವಲ್ಲದ ಗಟ್ಟಿ ಬೆಲ್ಲದ ಪುಡಿ ಸಾಕು. ಪೂರ್ತಿ ಬೆಲ್ಲ ಬೇಡ. ಬೆಲ್ಲ, ಬಾಳೆಹಣ್ಣು ಎರಡೂ ಸೇರಿ, ಅದರ ಮೇಲೆ ನೀವು ಅಭ್ಯಾಸಬಲದಿಂದ ಏಲಕ್ಕಿ ಪುಡಿಯನ್ನೂ ಉದುರಿಸಿದರೆ ಟಿನ್‌ನಿಂದ ಹೊರಬರುವ ಪರಿಮಳ ಸತ್ಯನಾರಾಯಣ ಪೂಜೆಯ ಪ್ರಸಾದದ್ದು. ಅದು ಸೊಗಸಾದ ಪರಿಮಳವೇ, ಆದರೆ ನಿಮ್ಮ ಮಗಳು ಕರೆದುಕೊಂಡು ಹೋದ ಅಂಗಡಿಯದಲ್ಲ. ಇನ್ನೊಂದು ಮಾತು: ಅಂಗಡಿಯ ಬ್ರೆಡ್ ಬಾಳೆಹಣ್ಣಿನ ಪೆಪ್ಪರಮಿಂಟಿನ ಹಾಗೆ ಘಮ್ಮೆಂದಿದ್ದರೆ ಅದು ಎಸೆನ್ಸ್ ಬಾಟಲಿಯ ಕೆಲಸ. ಅದರ ಬೆನ್ನು ಹತ್ತಬೇಡಿ. ಹಣ್ಣಿನ ರುಚಿ ಗಾಢವಾಗಬೇಕಿದ್ದರೆ ಪ್ರಾಮಾಣಿಕ ದಾರಿಯೊಂದಿದೆ. ಮಾಗಿದ ಹಣ್ಣನ್ನು ಸುಲಿದು ಫ್ರೀಜರಿನಲ್ಲಿಡಿ, ಬೇಕಾದಾಗ ತೆಗೆದು ಜರಡಿಯ ಮೇಲೆ ಕರಗಲು ಬಿಡಿ. ಕೆಳಗೆ ಕಂದು ರಸ ಇಳಿಯುತ್ತದೆ. ಅದನ್ನು ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ ಮತ್ತೆ ತಿರುಳಿಗೇ ಸೇರಿಸಿ. ನೀರು ಹೋಗಿ ರುಚಿ ಉಳಿಯಿತು. ಹಾಗಾಗಿ ತೂಗುವ ಮೊದಲೇ ಒಂದೆರಡು ಹಣ್ಣು ಹೆಚ್ಚಿಗೆ ಇಟ್ಟುಕೊಂಡಿರಬೇಕು. ಈ ಒಂದು ಕೆಲಸ ಮಾಡಿದ ದಿನ ಗಿರಾಕಿಗಳು ಎರಡನೆಯ ಹೋಳು ಕೇಳುತ್ತಿದ್ದರು.

ಕಲಸುವ ಹೊತ್ತಿಗೆ ಮಿಕ್ಸಿಯನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿ. ಹಣ್ಣನ್ನು ಫೋರ್ಕಿನಿಂದಲೋ ಮಜ್ಜಿಗೆ ಕಡೆಯುವ ಕಡೆಗೋಲಿನಿಂದಲೋ ಕಿವುಚಿ. ಬಟಾಣಿಯಷ್ಟು ಗಂಟುಗಳು ಉಳಿದರೆ ಉಳಿಯಲಿ, ಬೆಂದ ಮೇಲೆ ಅವೇ ಜೇನಿನ ಹನಿಯ ಹಾಗೆ ಸಿಗುತ್ತವೆ. ಅದಕ್ಕೆ ಸಕ್ಕರೆ, ಮೊಸರು, ಮೊಟ್ಟೆ, ಎಣ್ಣೆ, ವೆನಿಲಾ ಸೇರಿಸಿ ಐದು ನಿಮಿಷ ಬಿಡಿ. ನಮ್ಮ ಅಂಗಡಿ ಸಕ್ಕರೆಯ ಹರಳು ದಪ್ಪ, ಕರಗಲು ಸಮಯ ಬೇಡುತ್ತದೆ. ಇನ್ನೊಂದು ಪಾತ್ರೆಯಲ್ಲಿ ಮೈದಾ, ಸೋಡಾ, ಉಪ್ಪು, ದಾಲ್ಚಿನ್ನಿ ಎಲ್ಲವನ್ನೂ ಜರಡಿ ಹಿಡಿದು, ಒಮ್ಮೆಗೇ ಒದ್ದೆ ಮಿಶ್ರಣಕ್ಕೆ ಸುರಿದು, ತಳದಿಂದ ಮೇಲಕ್ಕೆ ಮಡಚಿದಂತೆ ಹನ್ನೆರಡು, ಹೆಚ್ಚೆಂದರೆ ಹದಿನೈದು ಸಲ ತಿರುಗಿಸಿ. ಒಣ ಹಿಟ್ಟಿನ ಗೆರೆ ಮಾಯವಾದ ಕ್ಷಣ ನಿಲ್ಲಿಸಬೇಕು. ಇಲ್ಲಿ ನಿಮ್ಮ ಕೈ ‘ಇನ್ನೂ ಸ್ವಲ್ಪ’ ಎನ್ನುತ್ತದೆ. ಕೇಳಬೇಡಿ. ಹಿಟ್ಟು ಒರಟಾಗಿ, ಅರೆಮನಸ್ಸಿನಿಂದ ಕಲಸಿದಂತೆ ಕಾಣುವುದೇ ಹದ. ನುಣ್ಣಗೆ ರಿಬ್ಬನ್ನಿನಂತೆ ಇಳಿಯುವ ಹಿಟ್ಟು ಓವನ್ನಿನಲ್ಲಿ ರಬ್ಬರಾಗುತ್ತದೆ, ತಳಕ್ಕೆ ಕುಸಿದು ನೀವು ಹೇಳಿದ ಅಂಟು ಗೆರೆಯಾಗುತ್ತದೆ. ಮುಗಿದ ತಕ್ಷಣ ಟಿನ್‌ಗೆ ಹಾಕಿ. ಸೋಡಾ ಒದ್ದೆಯಾದ ಗಳಿಗೆಯಿಂದಲೇ ಗುಳ್ಳೆ ಬಿಡಲು ಶುರು ಮಾಡಿರುತ್ತದೆ, ಬನ್ಸ್ ಹಿಟ್ಟಿನಂತೆ ಅದು ನಿಮಗಾಗಿ ಕಾಯುವುದಿಲ್ಲ.

ಅಕ್ರೋಟನ್ನು ಮೊದಲೇ ಏಳೆಂಟು ನಿಮಿಷ ಓವನ್ನಿನಲ್ಲಿ ಹುರಿದು, ಒರಟಾಗಿ ಮುರಿದು, ಕೊನೆಯ ಎರಡು ತಿರುವಿನಲ್ಲಿ ಸೇರಿಸಿ. ಗೋಡಂಬಿ ನಡೆಯುತ್ತದೆ, ಆದರೆ ಅಕ್ರೋಟಿನ ಸಿಪ್ಪೆಯ ಸಣ್ಣ ಕಹಿ ಈ ಸಿಹಿಗೆ ಬೇಕು.

ಟಿನ್‌ನ ಒಳಗೆ ಬೆಣ್ಣೆ ಕಾಗದ ಹಾಸಿ, ಮುಕ್ಕಾಲು ಭಾಗಕ್ಕಿಂತ ಮೇಲೆ ತುಂಬಬೇಡಿ. ಮಧ್ಯದಲ್ಲಿ ಅಂಗಡಿಯದರಂತೆ ನೇರವಾದ ಬಿರುಕು ಬೇಕಿದ್ದರೆ ಎಣ್ಣೆಯಲ್ಲಿ ಅದ್ದಿದ ಚಾಕುವಿನಿಂದ ಹಿಟ್ಟಿನ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಮೇಲ್ಪದರ ಗಟ್ಟಿಯಾದಾಗ ಎಣ್ಣೆ ಮುಟ್ಟಿದ ಜಾಗವೇ ಮೊದಲು ಬಾಯಿ ಬಿಡುತ್ತದೆ. ಒಂದು ಚಮಚ ಸಕ್ಕರೆ ಮೇಲೆ ಉದುರಿಸಿದರೆ ಗರಿಗರಿಯಾದ ಹೊದಿಕೆ ಬರುತ್ತದೆ. ಇದಕ್ಕೆ ಹೊರದೇಶಗಳಲ್ಲಿ ದಪ್ಪ ಹರಳಿನ ಬೇರೆ ಸಕ್ಕರೆ ಕೊಳ್ಳುತ್ತಾರೆ. ನಮ್ಮ ದಿನಸಿ ಅಂಗಡಿಯ ಸಕ್ಕರೆ ಹುಟ್ಟಿನಿಂದಲೇ ದಪ್ಪ, ಈ ಒಂದು ಕಡೆ ಅದು ಉಪಕಾರಕ್ಕೆ ಬಂತು.

ಇನ್ನು ಓವನ್. ನೀವು ಬೇಯಿಸಿದ 40 ನಿಮಿಷ ಒಂದೂವರೆ ಅಂಗುಲ ಎತ್ತರದ ದುಂಡು ಕೇಕಿಗೆ ಸರಿಹೋಗುವ ಲೆಕ್ಕ. ಬ್ರೆಡ್ ಟಿನ್‌ನಲ್ಲಿ ಬೇಯುವುದು ಅದಕ್ಕಿಂತ ಎತ್ತರವಾಗಿ ನಿಲ್ಲುತ್ತದೆ. ಶಾಖ ಅಂಚಿನಿಂದ ನಡುವಿಗೆ ನಡೆದುಕೊಂಡು ಹೋಗಬೇಕು. ಉಷ್ಣತೆ 170ಕ್ಕೆ ಇಳಿಸಿ, 60ರಿಂದ 70 ನಿಮಿಷ ಕೊಡಿ. ಒಟಿಜಿಯ ಮೇಲಿನ ಕಂಬಿ ಟಿನ್‌ನ ತಲೆಗೆ ತೀರ ಹತ್ತಿರ. ಆದ್ದರಿಂದ ಜಾಲರಿಯನ್ನು ಕೆಳಗಿನ ಹಂತದಲ್ಲಿ ಕೂರಿಸಿ, ಟಿನ್ ಓವನ್ನಿನ ನಟ್ಟನಡುವೆ ಬರುವಂತೆ ನೋಡಿಕೊಳ್ಳಿ. ಮುಂಚಿತವಾಗಿ 15 ನಿಮಿಷ ಕಾಯಿಸಿರಬೇಕು. 40 ನಿಮಿಷ ಕಳೆದು ಮೇಲ್ಭಾಗ ಬೇಕಾದ ಬಣ್ಣಕ್ಕೆ ಬಂದಿದ್ದರೆ ಅಲ್ಯುಮಿನಿಯಂ ಹಾಳೆಯನ್ನು ಸಡಿಲವಾಗಿ ಹೊದಿಸಿ. ಒಟಿಜಿಯ ಗುಂಡಿ 180 ಎಂದು ತೋರಿಸಿದ ಮಾತ್ರಕ್ಕೆ ಒಳಗೆ ಅಷ್ಟೇ ಇರುತ್ತದೆಂದು ನಂಬಬೇಡಿ. ನನ್ನ ಮೊದಲ ಒಟಿಜಿ ಯಾವಾಗಲೂ 20 ಡಿಗ್ರಿ ಹೆಚ್ಚಾಗಿಯೇ ಉರಿಯುತ್ತಿತ್ತು, ಅದು ಗೊತ್ತಾಗುವ ಹೊತ್ತಿಗೆ ಎಷ್ಟೋ ಬ್ರೆಡ್ಡುಗಳ ನೆತ್ತಿ ಸುಟ್ಟಾಗಿತ್ತು. ಒಳಗೆ ನೇತುಹಾಕುವ ಸಣ್ಣ ಓವನ್ ಥರ್ಮಾಮೀಟರಿಗೆ ಹಣ ಖರ್ಚು ಮಾಡಿ, ಸಿಲಿಕೋನ್ ಸೌಟುಗಳಿಗೆ ಬೇಡ.

ಬೆಂದಿದೆಯೇ ಎಂದು ನೋಡಲು ಕಡ್ಡಿ ಚುಚ್ಚುವುದು ಎಲ್ಲರಿಗೂ ಗೊತ್ತು. ಬನಾನಾ ಬ್ರೆಡ್‌ನಲ್ಲಿ ಆ ಕಡ್ಡಿ ಎರಡು ರೀತಿ ದಾರಿ ತಪ್ಪಿಸುತ್ತದೆ: ಹಣ್ಣಿನ ಗಂಟಿಗೆ ತಾಗಿದರೆ ಬೆಂದಿದ್ದರೂ ಒದ್ದೆಯಾಗಿ ಬರುತ್ತದೆ, ಬಿರುಕಿನೊಳಗೆ ಇಳಿದರೆ ಬೇಯದಿದ್ದರೂ ಒಣಗಿ ಬರುತ್ತದೆ. ಬಿರುಕಿನ ಎರಡೂ ಬದಿಯಲ್ಲಿ, ನಡುವಿನಲ್ಲಿಯೇ, ಎರಡು ಮೂರು ಕಡೆ ಚುಚ್ಚಿ. ಚುಚ್ಚುವ ಥರ್ಮಾಮೀಟರ್ ಇದ್ದರೆ ನಡುವಿನ ಶಾಖ 96 ಡಿಗ್ರಿ ಮುಟ್ಟಿದಾಗ ತೆಗೆಯಬಹುದು, ಅನುಮಾನವೇ ಉಳಿಯುವುದಿಲ್ಲ. ಮೊದಲ 40 ನಿಮಿಷ ಬಾಗಿಲು ತೆರೆಯಲೇಬೇಡಿ. ಮಳೆಗಾಲದಲ್ಲಿ ನಡುವೆ ವಿದ್ಯುತ್ ಹೋದರೂ ಅಷ್ಟೇ, ಬಾಗಿಲು ಮುಚ್ಚಿಯೇ ಇರಲಿ, ಹೋದ ನಿಮಿಷಗಳನ್ನು ಆಮೇಲೆ ಸೇರಿಸಿ. ಇಪ್ಪತ್ತನೆಯ ನಿಮಿಷದಲ್ಲಿ ಹೋದ ವಿದ್ಯುತ್ ಒಂದು ಗಂಟೆ ಬಾರದಿದ್ದರೆ ಮಾತ್ರ ಬ್ರೆಡ್ ಕುಸಿಯುತ್ತದೆ, ಅದನ್ನು ಮೇಲೆತ್ತುವ ವಿದ್ಯೆ ನನ್ನಲ್ಲಿಲ್ಲ. ತುಂಡು ಮಾಡಿ ಹಾಲಿನಲ್ಲಿ ನೆನೆಸಿ ಪುಡಿಂಗ್ ಮಾಡಿಬಿಡಿ.

ಹೊರತೆಗೆದ ಮೇಲೆ ಟಿನ್‌ನಲ್ಲಿ ಹತ್ತು ಹದಿನೈದು ನಿಮಿಷ ಮಾತ್ರ ಬಿಟ್ಟು ಜಾಲರಿಯ ಮೇಲೆ ಇಳಿಸಿ. ಅಲ್ಲಿಯೇ ಮರೆತರೆ ಆವಿ ನೀರಾಗಿ ತಳಕ್ಕೆ ಕೂತು ಮತ್ತದೇ ಅಂಟು. ಆಮೇಲಿನದು ಕಠಿಣ: ಅಂದು ಕತ್ತರಿಸಬಾರದು. ಪೂರ್ತಿ ಆರಿದ ಮೇಲೆ ಬೆಣ್ಣೆ ಕಾಗದದಲ್ಲಿ ಸುತ್ತಿ, ಡಬ್ಬಿಗೆ ಹಾಕಿ ರಾತ್ರಿ ಕಳೆಯಲು ಬಿಡಿ. ನಡುವಿನ ತೇವ ನಿಧಾನವಾಗಿ ಅಂಚಿಗೆ ಸರಿಯುತ್ತದೆ, ಒಣಗಿದಂತಿದ್ದ ಹೊರಪದರ ಮೆತ್ತಗಾಗುತ್ತದೆ, ದಾಲ್ಚಿನ್ನಿಯ ಖಾರ ತಗ್ಗಿ ಹಣ್ಣು ಮುಂದೆ ಬರುತ್ತದೆ. ನೀವು ಬೆಂಗಳೂರಿನಲ್ಲಿ ತಿಂದದ್ದು ಹಿಂದಿನ ದಿನದ ಬ್ರೆಡ್ ಆಗಿದ್ದಿರಬೇಕು. ನಾವು ಸಂಜೆ ಬೇಯಿಸಿ ಮರುದಿನ ಬೆಳಗ್ಗೆ ಕಳಿಸುತ್ತಿದ್ದೆವು, ಅವರು ಒಂದು ಅಂಗುಲ ದಪ್ಪಕ್ಕೆ ಕತ್ತರಿಸಿ ಬಿಸಿ ಮಾಡಿ ಕೊಡುತ್ತಿದ್ದರು. ಮನೆಯಲ್ಲಿ ದೋಸೆ ಕಾವಲಿ ಇದೆಯಲ್ಲ, ಚಿಟಿಕೆ ಬೆಣ್ಣೆ ಹಚ್ಚಿ ಸಣ್ಣ ಉರಿಯಲ್ಲಿ ಎರಡೂ ಬದಿ ಒಂದೊಂದು ನಿಮಿಷ ಇಡಿ. ಕಾವಲಿಗೆ ಹಿಂದಿನ ದಿನದ ಈರುಳ್ಳಿ ವಾಸನೆ ಇಲ್ಲವೆಂದು ಮೊದಲೇ ನೋಡಿಕೊಳ್ಳಿ.

ಅತ್ತೆಯವರ ವಿಷಯ. ಮೊಟ್ಟೆ ತೆಗೆದರೆ ಅತಿ ಕಡಿಮೆ ನಷ್ಟವಾಗುವ ಕೇಕುಗಳಲ್ಲಿ ಇದೂ ಒಂದು, ಏಕೆಂದರೆ ಬಾಳೆಹಣ್ಣಿಗೇ ಅಂಟಿಸುವ ಗುಣವಿದೆ. ಎರಡು ಮೊಟ್ಟೆಗೆ ಬದಲಾಗಿ ಎರಡು ದೊಡ್ಡ ಚಮಚ ಅಗಸೆ ಬೀಜದ ಪುಡಿಯನ್ನು ಆರು ದೊಡ್ಡ ಚಮಚ ನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಲೋಳೆಯಾದ ಮೇಲೆ ಸೇರಿಸಿ. ಜೊತೆಗೆ ಅರ್ಧ ಚಮಚ ಬೇಕಿಂಗ್ ಪೌಡರ್. ಬೀಜ ಹುರಿಯದ್ದಾಗಿರಲಿ, ಹುರಿದರೆ ಅಗಸೆ ಚಟ್ನಿಯ ವಾಸನೆ ಮುಂದಾಗುತ್ತದೆ. ಎತ್ತರ ಸ್ವಲ್ಪ ಕಡಿಮೆ ಬರುತ್ತದೆ, ಐದಾರು ನಿಮಿಷ ಹೆಚ್ಚು ಬೇಯಬೇಕಾಗುತ್ತದೆ. ಅಗಸೆ ಅವರಿಗೆ ಸೇರದಿದ್ದರೆ ಮೊಸರನ್ನೇ 140 ಗ್ರಾಂಗೆ ಏರಿಸಿ, ಬೇಕಿಂಗ್ ಪೌಡರ್ ಅಷ್ಟೇ ಇಟ್ಟು ಮಾಡಬಹುದು. ಒಳಭಾಗ ಇನ್ನಷ್ಟು ಮೃದು, ಕತ್ತರಿಸುವಾಗ ಪುಡಿ ಉದುರುತ್ತದೆ. ಮೈದಾ ಬೇಡವೆನ್ನುವವರಿಗೆ ಅರ್ಧದವರೆಗೆ ಗೋಧಿ ಹಿಟ್ಟು ಸರಿ, ಅದು ನೀರು ಹೆಚ್ಚು ಕುಡಿಯುವುದರಿಂದ ಎರಡು ಮೂರು ದೊಡ್ಡ ಚಮಚ ಮೊಸರು ಹೆಚ್ಚಿಸಿ. ಪೂರ್ತಿ ಗೋಧಿಯದು ಬೇರೆಯೇ ತಿಂಡಿ, ಅದನ್ನು ಕಾಫಿ ಅಂಗಡಿಯ ಹೆಸರಿನಲ್ಲಿ ಕರೆಯಲಾರೆ.

ನಿಮ್ಮ ಊರಿನ ಸೆಕೆಗೆ ಹೊರಗೆ ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ, ಬೂಸ್ಟು ಹಿಡಿಯುತ್ತದೆ. ಉಳಿದದ್ದನ್ನು ಹೋಳು ಮಾಡಿ, ನಡುನಡುವೆ ಕಾಗದ ಇಟ್ಟು ಫ್ರೀಜರಿಗೆ ಹಾಕಿದರೆ ಮಗಳು ರಜೆಗೆ ಬರುವವರೆಗೆ ಕೆಡುವುದಿಲ್ಲ. ತೆಗೆದವರೇ ನೇರ ಕಾವಲಿಗೆ ಹಾಕಬಹುದು. ಏಲಕ್ಕಿ ಬಾಳೆ ಒಂದು ಡಜನ್ ತಂದಿರಿ, ಎಂಟು ಇದಕ್ಕೆ ಹೋಯಿತು ಎಂದಿಟ್ಟುಕೊಳ್ಳಿ. ಉಳಿದ ನಾಲ್ಕಕ್ಕೆ ಆ ರಾತ್ರಿಯೇ ಬನ್ಸ್ ಹಿಟ್ಟು ನಾದಿಡಿ, ಬ್ರೆಡ್ ಕತ್ತರಿಸಲು ಬೆಳಗಾಗುವವರೆಗೆ ಕಾಯುವ ಕೈಗೂ ಒಂದು ಕೆಲಸ ಬೇಕಲ್ಲ.